ಏನೂ ಇಲ್ಲದ ಜಾಗಕ್ಕೆ ಫೋಕಸ್

ಹುಳಿಯಾರಿನ ಬಸ್ ಸ್ಟ್ಯಾಂಡಿನ ಎದುರು ನಜೀರ್ ಸ್ಟುಡಿಯೋ ಅಂತ ಒಂದಿತ್ತು. ಬಾಗಿಲ ಪಕ್ಕದ ಗಾಜಿನ ಶೋಕೇಸಿನಲ್ಲಿ ಹದಿನೆಂಟು ಫೋಟೋಗಳು. ಮೀಸೆ ತಿರುವಿ ನಿಂತ ಪೈಲ್ವಾನರು, ಬೋರಲು ಮಲಗಿ ಕತ್ತೆತ್ತಿದ ಕೂಸುಗಳು, ಪ್ಲಾಸ್ಟಿಕ್ ಹೂವು ಹಿಡಿದ ಹೊಸ ಜೋಡಿಗಳು. ಹದಿನೆಂಟನ್ನೂ ತೆಗೆದವರು ಸ್ಟುಡಿಯೋದ ಮಾಲೀಕರಾದ ನಜೀರ್ ಅಹಮದ್. ಅವರ ಮಗಳು ಸಾಬಿರಾ ಹನ್ನೆರಡು ವರ್ಷದಿಂದ ಅದೇ ಸ್ಟುಡಿಯೋದ ಕ್ಯಾಮೆರಾ ಹಿಡಿದು ದುಡಿಯುತ್ತಿದ್ದಳು. ಅವಳು ತೆಗೆದದ್ದು ಒಂದಾದರೂ ಅಲ್ಲಿತ್ತೇ? ಇರಲಿಲ್ಲ.

ಅಪ್ಪ ಬೇಡ ಅಂದಿದ್ದರು ಅಂತ ತಿಳಿಯಬೇಡಿ. ಸಾಬಿರಾ ತೆಗೆಯುತ್ತಿದ್ದದ್ದು ಮದುವೆ ಮನೆಯಲ್ಲಿ ಹೆಂಗಸರ ಕಡೆಯ ಫೋಟೋ. ನಿಕಾಹದ ದಿನ ಪರದೆಯಾಚೆ ಗಂಡಸರು ಕ್ಯಾಮೆರಾ ಹಿಡಿದು ಕಾಲಿಡುವ ಹಾಗಿಲ್ಲ. ಹಾಗಾಗಿ ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ಎಲ್ಲಿ ಮದುವೆಯಾದರೂ ಸಾಬಿರಾಳಿಗೇ ಕರೆ. ಮೆಹಂದಿ ಹಚ್ಚಿದ ಕೈ, ಮುಸುಕು ಎತ್ತಿದ ಗಳಿಗೆಯ ಕಣ್ಣು, ನಗು ತಡೆಯಲಾರದೆ ಸೆರಗು ಕಚ್ಚಿದ ನಾದಿನಿ, ಏನೆಲ್ಲ ತೆಗೆದಿರಲಿಲ್ಲ ಅವಳು! ಆದರೆ ಕರಾರು ಒಂದೇ. ಫೋಟೋ ಹೊರಗೆ ಹೋಗಬಾರದು, ನೆಗೆಟಿವನ್ನೂ ಮನೆಯವರಿಗೇ ಕೊಟ್ಟುಬಿಡಬೇಕು. ಆಲ್ಬಮ್ ಟ್ರಂಕಿನ ತಳ ಸೇರುತ್ತಿತ್ತು. ಸಾಬಿರಾ ಕೊಟ್ಟ ಮಾತಿಗೆ ಒಂದು ದಿನವೂ ತಪ್ಪಿದವಳಲ್ಲ.

ಇದರ ಫಲ ಏನಾಯಿತು ಅಂದರೆ, ಊರಿನಲ್ಲಿ ಆ ಮನೆಗಳವರ ಹೊರತು ಒಬ್ಬ ಗಂಡಸೂ ಅವಳು ತೆಗೆದ ಫೋಟೋ ನೋಡಿರಲಿಲ್ಲ. ‘ನಜೀರ್ ಸಾಬ್ರು ಸೆಟ್ ಮಾಡಿ ಕೊಡ್ತಾರೆ, ಮಗಳು ಬಟನ್ ಒತ್ತಿ ಬರ್ತಾಳೆ’ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಕೇಳಿದಾಗಲೆಲ್ಲ ಸಾಬಿರಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು, ತಾನು ತೆಗೆದ ಒಂದೇ ಒಂದು ಫೋಟೋ ನಾಲ್ಕು ಜನ ನೋಡುವ ಗೋಡೆಯ ಮೇಲೆ ತನ್ನ ಹೆಸರು ಹೊತ್ತು ಕೂರಬೇಕು ಎನ್ನುವುದು ಅವಳ ಆಸೆ. ಗಂಡ ಮುಜಾಫರನಿಗೆ ಮಾತ್ರ ಹೇಳಿಕೊಂಡಿದ್ದಳು.

ತೊಂಬತ್ತೊಂಬತ್ತನೇ ಇಸವಿ, ದೀಪಾವಳಿ ಕಳೆದಿತ್ತು. ಹಾಲ್ಕುರಿಕೆಯ ಶಂಭುಲಿಂಗಯ್ಯ ಸ್ಟುಡಿಯೋಗೆ ಬಂದರು. ತೆಂಗು ಬೆಳೆಗಾರರು ಸೇರಿ ಕಟ್ಟಿಕೊಂಡ ಸಂಘವೊಂದರ ಅಧ್ಯಕ್ಷರು. ಕೊಬ್ಬರಿ ಆರಿಸುವುದರಲ್ಲಿ ಎತ್ತಿದ ಕೈ. ಒಂದೊಂದು ಗಿಟುಕನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಸಾಸಿವೆಯಷ್ಟು ಕಲೆ ಕಂಡರೂ ಪಕ್ಕಕ್ಕೆ ಎಸೆಯುವ ಮನುಷ್ಯ. ನೋಡದೆ ಏನನ್ನೂ ಒಪ್ಪಿದವರಲ್ಲ. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತಿತ್ತು.

“ಸಾಬ್ರೆ, ತಿಪಟೂರಲ್ಲಿ ನಮ್ಮ ಸಂಘದ ಹೊಸ ಕಟ್ಟಡ ಏಳ್ತೈತೆ. ಹಾಲಿನ ಗೋಡೆಗೆ ಆರಡಿ ಉದ್ದದ ಫೋಟೋ ಬೇಕು ಕಣ್ರೀ. ಮುಂದೆ ಕಾಯಿ ರಾಶಿ, ಅದರ ಹಿಂದೆ ತೋಟ, ತೋಟದಾಚೆ ಬೋರನಕಣಿವೆ ನೀರು, ನೀರಿನಾಚೆ ಗುಡ್ಡದ ಮ್ಯಾಲಿನ ಗುಡಿ. ಮುಂದಿನ ಕಾಯಿ ಸಿಪ್ಪೆ ಗೆರೇನೂ ಕಾಣ್ಬೇಕು, ಆ ಗುಡಿ ಬಾಗ್ಲೂ ಕಾಣ್ಬೇಕು. ಹೊರಗಿನ ವ್ಯಾಪಾರಿ ಬಂದು ನಿಂತ್ರೆ ನಮ್ಮ ತೋಟದಾಗೇ ನಿಂತಂಗಿರ್ಬೇಕು.”

ನಜೀರ್ ಅಹಮದ್ ಸೊಂಟ ಹಿಡಿದುಕೊಂಡು ಹಿಂದಿನ ಕೋಣೆಯ ಮಂಚದಲ್ಲಿ ಮಲಗಿದ್ದರು. ಅಲ್ಲಿಂದಲೇ, “ಸಾಬಿರಾ ತೆಗೀತಾಳೆ” ಎಂದರು.

ಶಂಭುಲಿಂಗಯ್ಯ ಅವಳ ಕಡೆ ತಿರುಗಿ, “ಈಯಮ್ಮ ಪರದೆ ಹಿಂದೆ ಹೆಂಗಸ್ರ ಫೋಟೋ ತೆಗೆಯೋರಲ್ವಾ?” ಅಂದರು.

“ತೋಟದಾಗೆ ಪರದೆ ಇಲ್ಲ ಕಣ್ರೀ,” ಅಂದಳು ಸಾಬಿರಾ.

ಅವರು ಅರೆಮನಸ್ಸಿನಿಂದಲೇ ಹೂಂ ಅಂದರು. ಸಂಕ್ರಾಂತಿಗೆ ಕಟ್ಟಡದ ಉದ್ಘಾಟನೆ. ಈ ತಿಂಗಳ ಕೊನೆಯೊಳಗೆ ಫೋಟೋ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಿಂದ ಯಾರನ್ನಾದರೂ ಕರೆಸುವುದಾಗಿ ಹೇಳಿ ಹೋದರು. ಆ ಫೋಟೋದಲ್ಲಿ ಮುಖವಿಲ್ಲ, ಮುಸುಕಿಲ್ಲ, ಹೊರಗೆ ಇಡಬೇಡಿ ಅನ್ನುವವರೂ ಯಾರಿಲ್ಲ ಅನ್ನುವುದು ಸಾಬಿರಾಳಿಗೆ ಆಮೇಲೆ ಹೊಳೆಯಿತು.

ಬೋರನಕಣಿವೆಯ ಹತ್ತಿರ ಕರಿಯಣ್ಣ, ಹಾಲಮ್ಮ ಅಂತ ಗಂಡ ಹೆಂಡತಿ. ಅವರ ತೋಟದಿಂದ ನೀರೂ ಗುಡ್ಡವೂ ಒಟ್ಟಿಗೆ ಕಾಣುತ್ತಿದ್ದವು. ಕರಿಯಣ್ಣ ತನ್ನ ತೋಟವಲ್ಲದೆ ಸುತ್ತಲಿನ ತೋಟಗಳಲ್ಲೂ ಮರ ಹತ್ತಿ ಕಾಯಿ ಕೆಡಹುತ್ತಿದ್ದ. ಫೋಟೋಗೆ ಅಂತ ಹಾಲಮ್ಮ ತಾನೇ ನಿಂತು ಕಾಯಿ ರಾಶಿ ಹಾಕಿಸಿದಳು. “ನೋಡೋರಿಗೆ ಬೆನ್ನು ತೋರಿಸ್ಬಾರ್ದು ಕಣವ್ವಾ” ಅಂತ ಒಂದೊಂದು ಕಾಯಿಯ ತೊಟ್ಟನ್ನೂ ಕ್ಯಾಮೆರಾ ಕಡೆ ತಿರುಗಿಸಿ ಇಟ್ಟಳು.

ಮೊದಲ ಸಲ ಸಾಬಿರಾ ಮಾಡಿದ್ದು ಮದುವೆ ಮನೆಯವಳ ತಪ್ಪು. ಹನ್ನೆರಡು ವರ್ಷ ಮದುಮಗಳ ಕಣ್ಣಿಗೇ ಫೋಕಸ್ ಮಾಡಿದ ಕೈ ಅದು. ಮುಂದಿದ್ದ ಕಾಯಿಯನ್ನೇ ಮದುಮಗಳು ಮಾಡಿಕೊಂಡಳು, ಅದಕ್ಕೆ ಫೋಕಸ್ ಹಿಡಿದಳು, ಒತ್ತಿದಳು. ತುಮಕೂರಿನ ಕಲರ್ ಲ್ಯಾಬಿನಿಂದ ಪ್ರಿಂಟ್ ಬಂತು. ಕಾಯಿಯ ನಾರು ನಾರೂ ಕಾಣುತ್ತಿತ್ತು. ಹಿಂದಿನದೆಲ್ಲ ಕಲಸಿಹೋಗಿತ್ತು.

ಶಂಭುಲಿಂಗಯ್ಯ ಭೂತಗನ್ನಡಿ ತೆಗೆಯುವ ಗೋಜಿಗೇ ಹೋಗಲಿಲ್ಲ. “ಕಾಯೇನೋ ಚೆನ್ನಾಗೈತೆ. ತೋಟ ಎಲ್ಲೋಯ್ತಮ್ಮ? ಹಸಿರು ಕಂಬಳಿ ಒಣಗಾಕಿದಂಗೈತೆ,” ಅಂದರು. ಪಕ್ಕದಲ್ಲಿದ್ದವರು ನಕ್ಕರು. ಸಾಬಿರಾ ಪ್ರಿಂಟನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಅವರ ಮನೆಮಾತು ಉರ್ದು. ಅಪ್ಪ ಮಗಳು ಆಡಿದ್ದನ್ನು ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ.

“ಕಿಂಡಿ ಎಷ್ಟಕ್ಕಿಟ್ಟಿದ್ದೆ?” ಕೇಳಿದರು ಅಪ್ಪ.

“ಐದೂವರೆಗೆ.”

“ಮದುವೆ ಮನೆ ಅಂದ್ಕೊಂಡೆಯಾ?”

ಕಿಂಡಿ ಅಂದರೆ ಲೆನ್ಸಿನೊಳಗಿನ ತೂತು, ಅಂಕಿ ಹೆಚ್ಚಿದಷ್ಟೂ ತೂತು ಕಿರಿದು. ಅದು ಅಗಲವಾಗಿದ್ದರೆ ಬೆಳಕು ಧಾರಾಳವಾಗಿ ಬರುತ್ತದೆ, ಆದರೆ ಫೋಕಸ್ ಹಿಡಿದದ್ದಷ್ಟೇ ಚೊಕ್ಕಟ. ಕಿರಿದು ಮಾಡುತ್ತಾ ಹೋದ ಹಾಗೆ ಮುಂದಿನದೂ ಹಿಂದಿನದೂ ಚೊಕ್ಕಟವಾಗುತ್ತಾ ಬರುತ್ತದೆ. ಆದರೆ ಬೆಳಕು ತೊಟ್ಟಿಕ್ಕಲು ಶುರುವಾಗುತ್ತದೆ, ಷಟರು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಇದು ಸಾಬಿರಾಳಿಗೆ ಗೊತ್ತಿಲ್ಲದ್ದಲ್ಲ. ಫ್ಲಾಶು, ಹತ್ತಡಿ ದೂರ, ಐದೂವರೆಯ ಕಿಂಡಿ, ಇಷ್ಟರಲ್ಲೇ ಬದುಕು ನಡೆಯುತ್ತಿದ್ದಾಗ ಅದರ ನೆನಪು ಯಾರಿಗೆ ಬೇಕಿತ್ತು?

ಅಪ್ಪನ ಹಳೆಯ ಯಾಶಿಕಾ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಎರಡು ದಿನ ಕೂತಳು. ಫೋಕಸ್ ತಿರುಗಿಸುವ ಗುಂಡಿಯ ಸುತ್ತ ಸಣ್ಣ ಸಣ್ಣ ಗೆರೆಗಳಿದ್ದವು. ಆ ಗೆರೆಗಳು ಯಾತಕ್ಕೆ ಅಂತ ಆ ಸ್ಟುಡಿಯೋದಲ್ಲಿ ಯಾರೂ ಯಾವತ್ತೂ ಕೇಳಿದ್ದಿಲ್ಲ. ಅತಿ ಕಿರಿದಾದ ಕಿಂಡಿಯ ಅಂಕಿ ಇಪ್ಪತ್ತೆರಡು ಅಂತ ಬರೆದ ಎರಡು ಗೆರೆ, ನಡುವಿನ ಫೋಕಸ್ ಗುರುತಿನ ಈಚೆಗೊಂದು ಆಚೆಗೊಂದು. ಆಚೆಯ ಗೆರೆಗೆ, ಕಣ್ಣು ಹೋಗುವಷ್ಟೂ ದೂರ ಅನ್ನುವ ಅನಂತದ ಗುರುತನ್ನು ತಂದು ಕೂರಿಸಿದಳು. ಈಚೆಯ ಗೆರೆ ಹತ್ತಡಿಯ ಹತ್ತಿರ ನಿಂತಿತು. ಅಂದರೆ ಹತ್ತಡಿಯಿಂದ ಹಿಡಿದು ಗುಡ್ಡದವರೆಗೂ ಎಲ್ಲ ಚೊಕ್ಕಟ ಬರಬೇಕು! ಹಾಗಾದರೆ ಫೋಕಸ್ ಇರುವುದೆಲ್ಲಿ? ನಡುವಿನ ಗುರುತು ಇಪ್ಪತ್ತಡಿಯನ್ನು ತೋರಿಸುತ್ತಿತ್ತು. ಕಾಯಿ ರಾಶಿ ಇರುವುದು ಹನ್ನೆರಡು ಅಡಿಯಲ್ಲಿ, ಮರಗಳು ಶುರುವಾಗುವುದು ನಲವತ್ತರ ಆಚೆ. ಇಪ್ಪತ್ತಡಿಯಲ್ಲಿ ಇದ್ದದ್ದು ಬರಿಯ ಕೆಮ್ಮಣ್ಣು.

“ಏನೂ ಇಲ್ಲದ ಜಾಗಕ್ಕೆ ಫೋಕಸ್ ಮಾಡ್ತೀಯಾ?” ಅಪ್ಪ ಮಂಚದಲ್ಲೇ ಎದ್ದು ಕೂತರು. “ಕಾಯಿಗೂ ಇಲ್ಲ, ಗುಡ್ಡಕ್ಕೂ ಇಲ್ಲ, ನೆಲಕ್ಕೆ? ತಲೆ ಕೆಟ್ಟಿದೆಯಾ ನಿನಗೆ? ಮೂವತ್ತೈದು ವರ್ಷದಲ್ಲಿ ನಾನು ಇಂಥದ್ದು ಕೇಳಿಲ್ಲ.”

“ನೀವು ಗೆರೆ ನೋಡಿಲ್ಲ ಅಬ್ಬಾ, ಅದಕ್ಕೇ ಕೇಳಿಲ್ಲ,” ಅಂದಳು ಸಾಬಿರಾ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು.

ಕಿಂಡಿ ಇಪ್ಪತ್ತೆರಡಕ್ಕೆ ಇಟ್ಟರೆ ಕೈಯಲ್ಲಿ ಹಿಡಿದು ತೆಗೆಯಲು ಆಗುವುದಿಲ್ಲ. ಸ್ಟುಡಿಯೋದ ಸ್ಟ್ಯಾಂಡು ಕುಂಟುತ್ತಿತ್ತು. ಮೆಕ್ಯಾನಿಕ್ ಮುಜಾಫರ್ ತನ್ನ ಗ್ಯಾರೇಜಿನಲ್ಲಿ ಕಬ್ಬಿಣದ ಪೈಪು ಬೆಸೆದು ಮೂರು ಕಾಲಿನ ಸ್ಟ್ಯಾಂಡು ಮಾಡಿಕೊಟ್ಟ. ಎತ್ತಲು ಇಬ್ಬರು ಬೇಕು. “ಲಾರಿ ಗುದ್ದಿದ್ರೂ ಅಲ್ಲಾಡಲ್ಲ” ಅಂತ ಅವನಿಗೆ ಹೆಮ್ಮೆ.

ಎರಡನೇ ಸಲ ಸಾಬಿರಾ ಬೆಳಿಗ್ಗೆ ಎಂಟು ಗಂಟೆಗೆ ತೋಟದಲ್ಲಿದ್ದಳು. ಮುಜಾಫರನ ಜೊತೆ ಎತ್ತಿ ಸ್ಟ್ಯಾಂಡು ನೆಟ್ಟಳು, ಅಡಿ ಅಳೆದಳು, ಗೆರೆಗೆ ಗೆರೆ ಕೂಡಿಸಿದಳು. ಒತ್ತುವ ಮುಂಚೆ ಅಭ್ಯಾಸಬಲದಿಂದ ಬಾಯಿಂದ ಬಂದೇಬಿಟ್ಟಿತು, “ಯಾರೂ ಅಲ್ಲಾಡ್ಬೇಡಿ!”

ಹಾಲಮ್ಮ ಬಿದ್ದು ಬಿದ್ದು ನಕ್ಕಳು. “ಯಾರ್ಗೇಳ್ತಿದ್ದೀಯೇ ತಾಯಿ? ತೆಂಗಿನ ಮರಕ್ಕಾ?”

ನಗುವ ಮಾತೇ ಆದರೂ ಅದೇ ನಿಜವಾಯಿತು. ಪ್ರಿಂಟಿನಲ್ಲಿ ಮುಂದಿನ ಕಾಯಿ ಚೊಕ್ಕಟ, ಗುಡಿ ಚೊಕ್ಕಟ, ನಡುವಿನ ಕಾಂಡಗಳೆಲ್ಲ ಚೊಕ್ಕಟ. ಏನೂ ಇಲ್ಲದ ಜಾಗ ಮಾತು ಉಳಿಸಿಕೊಂಡಿತ್ತು. ಆದರೆ ಷಟರು ತೆರೆದಿದ್ದ ಅಷ್ಟು ಹೊತ್ತಿನಲ್ಲಿ ಗಾಳಿಗೆ ಗರಿಗಳು ಆಡಿಬಿಟ್ಟಿದ್ದವು. ಒಂದೊಂದು ಮರದ ತಲೆಯೂ ಹಳೇ ಪೊರಕೆಯಂತೆ ಕಾಣುತ್ತಿತ್ತು. ತೋಟದ ಫೋಟೋದಲ್ಲಿ ಗರಿಯೇ ಇಲ್ಲ ಅಂದರೆ ಶಂಭುಲಿಂಗಯ್ಯ ಸುಮ್ಮನೆ ಬಿಟ್ಟಾರೆಯೇ? ಅವಳು ಅದನ್ನು ಅವರಿಗೆ ತೋರಿಸಲೇ ಇಲ್ಲ. ಅಪ್ಪ ಆ ಪ್ರಿಂಟನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ನೆಲದ ವಿಷಯ ಮತ್ತೆ ಎತ್ತಲಿಲ್ಲ. “ಮರ ಗಿರಾಕಿ ಅಲ್ಲಮ್ಮ, ಹೇಳಿದ್ದು ಕೇಳಲ್ಲ,” ಅಂದರು ಅಷ್ಟೆ.

ತಿಂಗಳು ಮುಗಿಯಲು ಒಂದು ವಾರ ಉಳಿದಿತ್ತು. ಸಾಬಿರಾ ಬರಿಗೈಯಲ್ಲಿ ತೋಟಕ್ಕೆ ಹೋಗಿ ಕರಿಯಣ್ಣನ ಮುಂದೆ ಕೂತಳು. “ಅಣ್ಣಾ, ಗರಿ ಅಲ್ಲಾಡದೇ ಇರೋದು ಯಾವಾಗ?”

ಅವನು ಎಲೆ ಅಡಿಕೆ ಜಗಿಯುತ್ತಾ, “ಇದೇನವ್ವ ಇದು, ಮರ ಹತ್ತೋನ್ನ ಕೇಳೋದು ಬುಟ್ಟು ಇಷ್ಟ್ ದಿನದಿಂದ ಒದ್ದಾಡ್ತಿದ್ದೀಯ!” ಅಂದ. “ಹೊತ್ತು ಹುಟ್ಟೋ ಗಳಿಗೇಲಿ ತೋಟ ಸುಮ್ಕಿರ್ತೈತೆ. ಆವಾಗ್ಲೂ ಒಂದೊಂದು ಸಣ್ಣ ಗಾಳಿ ಬತ್ತದೆ. ಅದು ಮೊದ್ಲು ನೀರಿಗೆ ಬತ್ತದೆ, ಆಮ್ಯಾಕೆ ತೋಟಕ್ಕೆ. ನೀರ್ ಮ್ಯಾಲೆ ಕರ್ರಗೆ ಒಂದು ಪಟ್ಟೆ ಓಡ್ತೈತೆ. ಮರದ ತುದಿಯಿಂದ ನೋಡಿದ್ರೆ ಕಾಣ್ತೈತೆ. ಅದು ಕಂಡ್ರೆ ನಾನು ಕಾಯಿ ಕೀಳಲ್ಲ, ಮರ ತಬ್ಕೊಂಡು ಕೂತ್ಕತೀನಿ.”

“ಅಣ್ಣಾ, ನನ್ನ ಕ್ಯಾಮೆರಾ ಹಿಂದಿರೋ ಮರ ಹತ್ತಿ ಕೂತು ಹೇಳ್ತೀಯಾ?”

“ಅದಕ್ಕೇನಂತೆ ಬುಡು.”

ಮಾರನೆಯ ದಿನ ಇನ್ನೂ ಬೆಳಕು ಹರಿಯುವ ಮುಂಚೆ ಮುಜಾಫರ್ ಟಿವಿಎಸ್ ಗಾಡಿಯಲ್ಲಿ ಹೆಂಡತಿಯನ್ನೂ ಕಬ್ಬಿಣದ ಸ್ಟ್ಯಾಂಡನ್ನೂ ಹೊತ್ತುಕೊಂಡು ತಂದ. ರಾಶಿಯ ಮೇಲೆ ಇಬ್ಬನಿ ಕೂತಿತ್ತು. ಸಾಬಿರಾ ಹನ್ನೆರಡು ಅಡಿ ಅಳೆದು ಸ್ಟ್ಯಾಂಡು ನೆಟ್ಟಳು. ಕಿಂಡಿ ಇಪ್ಪತ್ತೆರಡಕ್ಕೆ, ಫೋಕಸ್ ಇಪ್ಪತ್ತಡಿಯ ಕೆಮ್ಮಣ್ಣಿಗೆ, ಷಟರು ಅರ್ಧ ಸೆಕೆಂಡಿಗೆ. ಬೆರಳಿನ ಅದುರು ಕೂಡ ತಾಗದಿರಲಿ ಅಂತ ಒತ್ತುವ ಗುಂಡಿಗೆ ಉದ್ದನೆಯ ವೈರು ಸಿಕ್ಕಿಸಿದಳು. ಕರಿಯಣ್ಣ ಹಿಂದಿನ ಮರದ ತುದಿಯಲ್ಲಿ ಕೂತಿದ್ದ.

ಸೂರ್ಯ ಎದ್ದ. ಅಬ್ಬಾ, ಆ ಬೆಳಕು! ಇಬ್ಬನಿ ಹೊತ್ತ ಕಾಯಿಗಳೆಲ್ಲ ಹೊಳೆದವು, ನೀರು ಕೆಂಪಾಯಿತು, ಗುಡಿಯ ಗೋಡೆ ಬೆಳಗಿತು. ಸಾಬಿರಾಳ ಹೆಬ್ಬೆರಳು ಗುಂಡಿಯ ಮೇಲೆ ಕೂತೇಬಿಟ್ಟಿತ್ತು.

“ಬ್ಯಾಡ ಕಣವ್ವೋ! ಬತ್ತಾ ಐತೆ!” ಮೇಲಿಂದ ಕೂಗು.

ಅವಳ ಕಣ್ಣಿಗೆ ಒಂದು ಗರಿಯೂ ಆಡುತ್ತಿರಲಿಲ್ಲ. ಇಂಥ ಬೆಳಕು ಎರಡು ನಿಮಿಷ ನಿಂತರೆ ಹೆಚ್ಚು. ಒತ್ತಿಬಿಡಲೇ? ಹನ್ನೆರಡು ವರ್ಷದಲ್ಲಿ ಇಂಥ ಬೆಳಕನ್ನು ಅವಳು ಬಿಟ್ಟುಕೊಟ್ಟದ್ದಿಲ್ಲ. ಹಲ್ಲು ಕಚ್ಚಿ ಬೆರಳು ತೆಗೆದಳು. ಅಷ್ಟರಲ್ಲಿ ನೀರಿನ ಕಡೆಯ ಮರದಿಂದ ಈಚಿನ ಮರಕ್ಕೆ ಗರಿಗಳು ಸರಸರ ಅಂದವು. ಇಡೀ ತೋಟ ಒಮ್ಮೆ ಮೈ ಕೊಡವಿತು.

“ಇನ್ನೊಂದು ಬತ್ತಾ ಐತೆ, ತಡಿ... ತಡೀ... ಹೋಯ್ತು. ನೀರು ನಿಂತ್ಕತು. ಗರಿ ನಿಲ್ಲಲಿ... ಈಗ! ಈಗ್ ಹೊಡಿ ಕಣವ್ವಾ!”

ಒತ್ತಿದಳು. ಅರ್ಧ ಸೆಕೆಂಡು ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು ಅವಳಿಗೆ. ಹಾಲಮ್ಮ ಕೂಡ ಉಸಿರು ಬಿಗಿಹಿಡಿದು ನಿಂತಿದ್ದಳು. ಬೆಳಕು ಮೊದಲಿನಷ್ಟು ಕೆಂಪಗಿರಲಿಲ್ಲ, ಆದರೆ ಗರಿ ಮಾತ್ರ ಒಂದೂ ಮಿಸುಕಲಿಲ್ಲ. ರೋಲಿನಲ್ಲಿ ಹನ್ನೆರಡು ಫೋಟೋಗೆ ಜಾಗವಿತ್ತು. ಕರಿಯಣ್ಣ ಹೇಳಿದಾಗ ಮಾತ್ರ ಒತ್ತಿ, ನಾಲ್ಕಕ್ಕೆ ನಿಲ್ಲಿಸಿದಳು.

ನಾಲ್ಕು ದಿನದ ಮೇಲೆ ತುಮಕೂರಿನಿಂದ ಲಕೋಟೆ ಬಂತು. ಅಪ್ಪ ಮಂಚದಿಂದ ಇಳಿದು ಬಂದು ತಾವೇ ಬಿಚ್ಚಿದರು. ನೆಗೆಟಿವನ್ನು ಬಲ್ಬಿಗೆ ಹಿಡಿದು, ಕಣ್ಣಿಗೆ ಲೆನ್ಸ್ ಒತ್ತಿಕೊಂಡು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದರು. ಮತ್ತೆ ಮೊದಲಿಂದ ನೋಡಿದರು. ಸಾಬಿರಾ ಉಗುರು ಕಚ್ಚುತ್ತಾ ನಿಂತಿದ್ದಳು.

“ನನಗೆ ಕೆಲಸ ಕಲಿಸಿದ ಉಸ್ತಾದ್ ಇದನ್ನ ಹೇಳಿಕೊಡಲಿಲ್ಲ,” ಅಂದರು ಕೊನೆಗೆ. “ನಾನೂ ನಿನಗೆ ಹೇಳಿಕೊಡಲಿಲ್ಲ. ನೀನೇ ಕಂಡುಕೊಂಡೆ. ಆ ಗೆರೆಗಳನ್ನ ನನಗೂ ತೋರಿಸು.” ಸಾಬಿರಾ ಕ್ಯಾಮೆರಾ ತಂದು ಅಪ್ಪನ ತೊಡೆಯ ಮೇಲೆ ಇಟ್ಟಳು.

ದೊಡ್ಡ ಪ್ರಿಂಟನ್ನು ಸುರುಳಿ ಸುತ್ತಿ ಅಪ್ಪ ಮಗಳು ಇಬ್ಬರೂ ತಿಪಟೂರಿಗೆ ಹೋದರು. ಶಂಭುಲಿಂಗಯ್ಯ ಅದನ್ನು ಮೇಜಿನ ಮೇಲೆ ಹರಡಿಸಿ, ಜೇಬಿನಿಂದ ಭೂತಗನ್ನಡಿ ತೆಗೆದರು. ಕೊಬ್ಬರಿ ನೋಡುವ ಹಾಗೆಯೇ ನೋಡಿದರು. ಮುಂದಿನ ಕಾಯಿಯ ಸಿಪ್ಪೆಗೆರೆ, ಅದರ ಮೇಲಿನ ಇಬ್ಬನಿ. ಮೊದಲ ಸಾಲಿನ ಗರಿ, ಕೊನೆಯ ಸಾಲಿನ ಗರಿ. ನೀರಿನ ಅಂಚು. ಗುಡ್ಡ. ಗುಡಿ. ಗುಡಿಯ ಹತ್ತಿರ ಗಾಜು ಬಹಳ ಹೊತ್ತು ನಿಂತಿತು.

“ಬಾಗ್ಲು ಕಾಣ್ತೈತೆ ಕಣ್ರೀ!” ಎಂದು ಕೂಗಿದರು. “ಎಲ್ಲೂ ಕಲೆ ಇಲ್ಲ. ಏನೇ ಅನ್ನಿ, ನಜೀರ್ ಸಾಬ್ರ ಕೈ ಅಂದ್ರೆ ಕೈ!”

ಕೇಳಿದಿರಾ? ಸಾಬಿರಾ ಮೇಜಿನ ಹತ್ತಿರ ಬಂದಳು. “ಇದನ್ನ ತೆಗೆದೋಳು ನಾನು,” ಅಂದಳು.

“ಆಯ್ತು ಬುಡಮ್ಮ, ಬಟನ್ ಒತ್ತಿದ್ದು ನೀನೇ.”

ಸಾಬಿರಾ ಎರಡೂ ಕೈಯಿಂದ ಪ್ರಿಂಟಿನ ಅಂಚು ಹಿಡಿದು ಸುರುಳಿ ಸುತ್ತತೊಡಗಿದಳು. “ಗೋಡೆ ಮೇಲೆ ನನ್ನ ಹೆಸರು ಬರೆಸೋ ಹಾಗಿದ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ಬೆಂಗಳೂರಿನೋರನ್ನೇ ಕರೆಸ್ಕೊಳ್ಳಿ.”

ಶಂಭುಲಿಂಗಯ್ಯ ತಬ್ಬಿಬ್ಬಾಗಿ ನಜೀರ್ ಅಹಮದರ ಮುಖ ನೋಡಿದರು. “ಏನ್ ಸಾಬ್ರೆ ಇದು?”

“ಅವತ್ತು ನಾನು ಸೊಂಟಕ್ಕೆ ಎಣ್ಣೆ ಹಚ್ಕೊಂಡು ಮನೇಲಿ ಮಲಗಿದ್ದೆ ಕಣ್ರೀ,” ಅಂದರು ನಜೀರ್ ಅಹಮದ್. “ಬರೀ ಮಲಗಿದ್ದಿದ್ರೆ ಪರವಾಗಿರ್ಲಿಲ್ಲ, ಅವಳಿಗೆ ತಲೆ ಕೆಟ್ಟಿದೆ ಅಂತ ಬೇರೆ ಬೈದಿದ್ದೆ. ನಾನು ಹೇಳಿದಂಗೆ ತೆಗೆದಿದ್ರೆ ಇದು ಬರ್ತಿರ್ಲಿಲ್ಲ.”

ಶಂಭುಲಿಂಗಯ್ಯ ಸುರುಳಿಯನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡರು. “ಕೊಡಮ್ಮ ಇಲ್ಲಿ, ಸಿಟ್ಟು ಮಾಡ್ಕೋಬ್ಯಾಡ. ಹೆಸರು ಹೆಂಗೆ ಬರೀಬೇಕು, ಒಂದು ಚೀಟೀಲಿ ಬರ್ಕೊಡು.”

ಸಂಕ್ರಾಂತಿ ಬಂತು. ಹೊಸ ಕಟ್ಟಡದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಬಿರಾಳ ಹೆಸರು ಕೇಳಿ ಸುತ್ತಲಿನ ಊರುಗಳ ಹೆಂಗಸರೂ ಬಂದಿದ್ದರು. ಗೋಡೆಯ ಮೇಲೆ ಆರಡಿಯ ಫೋಟೋ, ಅದರ ಕೆಳಗೆ ಪೇಂಟಿನಲ್ಲಿ ‘ಛಾಯಾಗ್ರಹಣ: ಸಾಬಿರಾ, ಹುಳಿಯಾರು’. ಹಾಲಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು. ಸಿಕ್ಕಿದವರನ್ನೆಲ್ಲ ಕೈ ಹಿಡಿದು ಎಳೆದು ತಂದು, “ಇದು ನಾನು ತಿರುಗಿಸಿಟ್ಟ ಕಾಯಿ, ನೋಡ್ರಿ, ಒಂದೂ ಬೆನ್ನು ತೋರ್ಸಿಲ್ಲ” ಅನ್ನುತ್ತಿದ್ದಳು. ಕರಿಯಣ್ಣ ಗರಿಗಳನ್ನು ದಿಟ್ಟಿಸುತ್ತಾ, ಇಂಥ ಗಾಳಿ ನಿಂತ ತೋಟವನ್ನು ಕೆಳಗಿನಿಂದ ತಾನೂ ನೋಡಿರಲಿಲ್ಲ ಅಂದ. ಜನ ಹತ್ತಿರ ಬಂದು ಗುಡಿಯ ಬಾಗಿಲಿಗೆ ಬೆರಳಿಡುತ್ತಿದ್ದರು. ನಜೀರ್ ಅಹಮದ್ ಮುಟ್ಟಬೇಡಿ ಮುಟ್ಟಬೇಡಿ ಅಂತ ಗದರುತ್ತಾ ಪಕ್ಕದಲ್ಲೇ ಕಾವಲು ನಿಂತಿದ್ದರು.

ಸಾಬಿರಾಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಶಂಭುಲಿಂಗಯ್ಯ ಮೈಕಿನಲ್ಲಿ, “ಒಂದು ಮಾತು ಕೇಳ್ತೀನಿ ಕಣಮ್ಮ. ಹನ್ನೆರಡು ವರ್ಷದಿಂದ ಫೋಟೋ ತೆಗೀತಿದ್ದೀಯಂತೆ. ನಾವ್ಯಾರೂ ಒಂದನ್ನೂ ನೋಡೇ ಇಲ್ವಲ್ಲ? ಎಲ್ಲೈತೆ ಅವೆಲ್ಲಾ?” ಅಂದರು.

ಸಾಬಿರಾ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡಳು. ಏನಂತ ಹೇಳುವುದು? ಕೊಟ್ಟ ಮಾತು ಕೊಟ್ಟದ್ದೇ.

ಆಗ ಹೆಂಗಸರ ಕಡೆಯ ಕುರ್ಚಿಯಿಂದ ಒಬ್ಬಳು ಎದ್ದು ನಿಂತಳು. ತಿಪಟೂರಿನ ಟೈಲರ್ ಉಮರ್ ಫಾರೂಖನ ಹೆಂಡತಿ ರುಕ್ಸಾನ. ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ ಅವಳು. “ನಮ್ಮ ಮನೇಲೈತೆ,” ಅಂದಳು. “ನನ್ನ ಮದುವೇದು ಇವ್ರೇ ತೆಗೆದಿದ್ದು. ಈ ಫೋಟೋಗಿಂತ ಚೆನ್ನಾಗೈತೆ.”

ಶಂಭುಲಿಂಗಯ್ಯನವರ ಕೈ ತಾನಾಗಿ ಜೇಬಿನ ಭೂತಗನ್ನಡಿಯತ್ತ ಹೋಯಿತು. “ಹೌದಾ? ಒಂದಿನ ತಂದು ತೋರ್ಸಮ್ಮ, ನೋಡಾಣ.”

“ತೋರ್ಸಲ್ಲ ಕಣ್ರೀ,” ಅಂದಳು ರುಕ್ಸಾನ. “ನಾನ್ ಹೇಳಿದ್ದು ನಂಬಬೇಕು ನೀವು.”

ಅವಳ ಹಿಂದಿನ ಸಾಲಿನಿಂದ ಇನ್ನೊಬ್ಬಳು, “ನಂದೂ ಐತೆ,” ಅಂದಳು. “ನಮ್ಮ ಅಕ್ಕಂದೂ ಐತೆ,” ಅಂದಳು ಮತ್ತೊಬ್ಬಳು. ಒಬ್ಬೊಬ್ಬರಾಗಿ ಏಳತೊಡಗಿದರು. ಚಿಕ್ಕನಾಯಕನಹಳ್ಳಿಯವರು, ತುರುವೇಕೆರೆಯವರು, ತಿಪಟೂರಿನವರು. ಒಬ್ಬೊಬ್ಬರ ಮುಖವೂ ಸಾಬಿರಾಳಿಗೆ ಗೊತ್ತಿತ್ತು. ಯಾರ ಕಣ್ಣಿಗೆ ಯಾವ ಕಡೆಯಿಂದ ಬೆಳಕು ಬಿದ್ದಿತ್ತು ಅನ್ನುವುದೂ ಗೊತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬಿ ಹಾಲೆಲ್ಲ ಮಸುಕಾಯಿತು. ಒರೆಸಿಕೊಂಡಳು, ತಲೆ ಮಾತ್ರ ತಗ್ಗಿಸಲಿಲ್ಲ. ಇದೆಲ್ಲ ನನ್ನದು ಅನ್ನಿಸಿತು. ಹಾಗೆ ಅನ್ನಿಸಿದ್ದರಲ್ಲಿ ಅವಳಿಗೆ ಯಾವ ಸಂಕೋಚವೂ ಆಗಲಿಲ್ಲ.

ಶಂಭುಲಿಂಗಯ್ಯ ಆ ಹೆಂಗಸರ ಕಡೆ ನೋಡಿದರು, ಗೋಡೆ ಕಡೆ ನೋಡಿದರು. ಆಮೇಲೆ ಜೇಬಿನಿಂದ ಬರಿಗೈ ಹೊರಗೆ ತೆಗೆದು ಮೈಕಿನ ಹತ್ತಿರ ಬಾಗಿದರು.

“ಆಯ್ತು ಕಣ್ರವ್ವಾ,” ಅಂದರು. “ನೋಡ್ದೇನೇ ಒಪ್ಕೊಂಡೆ.”